ಪಿಜಿ ಡಾಕ್ಟ್ರು ಆಪರೇಷನ್ ಮಾಡಿದ್ರೆ ಪೇಶಂಟಿಗೆ ರಿಸ್ಕ್ ಜಾಸ್ತಿನಾ? ಅವ್ವನ ಪಿತ್ತಕೋಶದ ಆಪರೇಷನ್ ಐತಿ, ಗೊತ್ತಿದ್ದೋರು ಹೇಳ್ರಿ

ಹಾವೇರಿ_ಹುಡುಗ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮವ್ವಗ 58 ವರ್ಷ, ಪಿತ್ತಕೋಶದಾಗ ಕಲ್ಲು ಅದಾವು, ಎರಡು ಸರ್ತಿ ನೋವು ಬಂದು ರಾತ್ರಿ ಪೂರಾ ಒದ್ದಾಡ್ಯಾಳ. ಈಗ ಒಂದು ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರ್ಯಾಗ ಅಡ್ಮಿಟ್ ಮಾಡೇವಿ, ಶುಕ್ರವಾರ ಲ್ಯಾಪ್ರೋಸ್ಕೋಪಿ ಆಪರೇಷನ್ ಅಂತ ಹೇಳ್ಯಾರ. ನಿನ್ನೆ ಸಂಜಿಮುಂದ ಒಬ್ರು ಸಣ್ಣ ವಯಸ್ಸಿನ ಡಾಕ್ಟರ್ ಬಂದು ಕನ್ಸೆಂಟ್ ಫಾರಂ ಕೊಟ್ರು, ಭಾಳ ಛಲೋ ಮಾತಾಡಿದ್ರು, ಆದ್ರ ನಾ ಕೇಳಿದೆ ಸರ್ ಆಪರೇಷನ್ ಯಾರು ಮಾಡ್ತಾರಂತ, ಅದಕ್ಕ ಅವ್ರು "ಯೂನಿಟ್‌ನೋರು ಮಾಡ್ತೀವಿ" ಅಂದ್ರು. ಬಾಜೂ ಬೆಡ್ಡಿನ ಕಾಕಾರು ಹೇಳಿದ್ರು ಇಲ್ಲೆ ಎಲ್ಲಾ ಪಿಜಿಗಳ ಕಡೆಯಿಂದನ ಮಾಡಸ್ತಾರ, ಕಲಿಯೋ ಹುಡುಗ್ರು ಅಂತ. ಅವತ್ತಿಂದ ನನಗ ನಿದ್ದಿ ಇಲ್ಲ. ಫಾರಂ ಇನ್ನೂ ಕಿಸೇದಾಗ ಐತಿ, ಸಹಿ ಹಾಕಿಲ್ಲ. ಪ್ರೈವೇಟಿಗೆ ಹೋದ್ರ ಸಾಲ ಮಾಡಬೇಕು. ಖರೇ ಹೇಳ್ರಿ, ಕಲಿಯೋರು ಕೈ ಹಾಕಿದ್ರ ಅವ್ವಗ ಅಪಾಯ ಜಾಸ್ತಿ ಏನು?

ಪಿಜಿ_ಕೊನೆವರ್ಷ
ಅಣ್ಣ, ನಾನು ಎಂಎಸ್ ಜನರಲ್ ಸರ್ಜರಿ ಮೂರನೇ ವರ್ಷ, ಅಂದ್ರೆ ಎಂಬಿಬಿಎಸ್ ಮುಗ್ಸಿ ಸರ್ಜರಿ ಕಲೀತಿರೋ ಪಿಜಿ, ಬೇರೆ ಜಿಲ್ಲೆ. ನಿಮ್ಮ ಹತ್ರ ಬಂದ ಆ ಡಾಕ್ಟರ್ ಜಾಗದಲ್ಲಿ ನಾನು ಎಷ್ಟೋ ಸಲ ನಿಂತಿದೀನಿ, ಹಂಗಾಗಿ ಮುಚ್ಚಿಟ್ಕೊಳ್ದೆ ಹೇಳ್ತೀನಿ. ಹೌದು, ಟೀಚಿಂಗ್ ಆಸ್ಪತ್ರೆ ಅಂದ್ಮೇಲೆ ಪಿಜಿ ಆ ಟೇಬಲ್ ಹತ್ರ ಇದ್ದೇ ಇರ್ತಾರೆ, ಕೈಯೂ ಹಾಕ್ತಾರೆ.

ಆದ್ರೆ "ಪಿಜಿ ಆಪರೇಷನ್ ಮಾಡ್ತಾರೆ" ಅಂದ್ರೆ ಜನ ಅಂದ್ಕೊಳೋದು ಡಾಕ್ಟರ್ ಒಬ್ರೇ ಬಾಗ್ಲು ಹಾಕ್ಕೊಂಡು ಮಾಡ್ತಾರೆ ಅಂತ, ಅದು ಹಂಗಲ್ಲ. ಆಪರೇಷನ್ ಒಂದೇ ತುಂಡು ಅಲ್ಲ, ಹತ್ತು ತುಂಡು. ಪಿತ್ತಕೋಶ ಅಂದ್ರೆ ಹೊಕ್ಕಳ ಹತ್ರ ಮೊದಲ್ನೇ ಪೋರ್ಟ್ (ಕ್ಯಾಮೆರಾ, ಉಪಕರಣ ಒಳಗೆ ಬಿಡೋ ಸಣ್ಣ ಕೊಳವೆ) ಹಾಕೋದು, ಗ್ಯಾಸ್ ತುಂಬ್ಸೋದು, ಮಿಕ್ಕ ಮೂರು ಪೋರ್ಟ್ ಹಾಕೋದು, ಅಂಟ್ಕೊಂಡಿರೋ ಕೊಬ್ಬು ಬಿಡಿಸೋದು, ಆಮೇಲೆ ಪಿತ್ತಕೋಶದ ನಾಳಕ್ಕೂ ಲಿವರ್‌ಗೂ ನಡುವೆ ಕ್ಯಾಲಟ್ಸ್ ತ್ರಿಕೋನ ಅಂತೀವಲ್ಲ ಆ ಜಾಗ ಬಿಡಿಸಿ ಪಿತ್ತಕೋಶದ ನಾಳ ಮತ್ತೆ ರಕ್ತನಾಳ ಗುರುತಿಸೋದು, ಕ್ಲಿಪ್ ಹಾಕಿ ಕತ್ತರಿಸೋದು, ಲಿವರ್‌ನಿಂದ ಪಿತ್ತಕೋಶ ಬಿಡಿಸೋದು, ಹೊರಗೆ ತೆಗೆಯೋದು, ಹೊಲಿಗೆ. ಫಸ್ಟ್ ಇಯರ್‌ನಲ್ಲಿ ನಾನು ಕ್ಯಾಮೆರಾ ಹಿಡಿದಿದ್ದೇ ಹಿಡಿದಿದ್ದು, ಕೈ ಸ್ವಲ್ಪ ಅಲ್ಲಾಡಿದ್ರೂ ಸ್ಕ್ರೀನ್ ಮೇಲೆ ಭೂಕಂಪ ಆದಂಗೆ ಕಾಣೋದು, ನಮ್ಮ ಚೀಫ್ ಮೇಡಂ ಬೈಯೋರು. ಸೆಕೆಂಡ್ ಇಯರ್‌ನಲ್ಲಿ ಪೋರ್ಟ್ ಹಾಕೋಕೆ ಕೊಟ್ರು, ಆಮೇಲೆ ಲಿವರ್‌ನಿಂದ ಬಿಡಿಸೋ ಭಾಗ ಕೊಟ್ರು. ಆ ತ್ರಿಕೋನದ ಭಾಗ ನನ್ನ ಕೈಗೆ ಬಂದಿದ್ದು ಈ ವರ್ಷ, ಅದೂ ಚೀಫ್ ಎದುರಿಗೇ ಸ್ಕ್ರಬ್ ಆಗಿ (ಕೈ ತೊಳ್ದು ಗೌನ್ ಹಾಕ್ಕೊಂಡು) ನಿಂತಿರ್ತಾರೆ.

ಸೋ ನಿಮ್ಮ ಪ್ರಶ್ನೆ "ಪಿಜಿ ಮಾಡ್ತಾರಾ" ಅಂತ ಇರಬಾರ್ದು, "ಯಾವ ಭಾಗ ಯಾರು ಮಾಡ್ತಾರೆ, ಆಗ ದೊಡ್ಡೋರು ಎಲ್ಲಿರ್ತಾರೆ" ಅಂತ ಕೇಳಿ. ಕೇಳೋಕೆ ಹೆದರ್ಬೇಡಿ ಅಣ್ಣ.

ಸಾಗರದ_ಮಗಳು
ಮೇಲಿನವರು ಹೇಳಿದ್ದು ಸರಿ ಇರಬಹುದು, ಆದರೆ ನಮ್ಮನೇಲಿ ಆದದ್ದನ್ನೂ ಹೇಳಬೇಕು. ನಮ್ಮ ಅಪ್ಪಯ್ಯಂಗೆ ತೊಡೆಸಂದಿ ಹರ್ನಿಯಾ ಆಪರೇಷನ್ ಆಗಿತ್ತು ಒಂದು ಟೀಚಿಂಗ್ ಆಸ್ಪತ್ರೆಲಿ, ಹೆಸರು ಬೇಡ. ಸಣ್ಣ ಆಪರೇಷನ್, ಜಾಲರಿ ಹಾಕ್ತೇವೆ, ಎರಡು ದಿನಕ್ಕೆ ಮನೆಗೆ ಅಂದಿದ್ರು. ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಉಬ್ಬಿ ಬಂತು. ಅಪ್ಪಯ್ಯ ತೋಟದ ಕೆಲಸ ಮಾಡುವವರು, ಅಡಿಕೆ ಕೊಯ್ಲಿನ ಹೊತ್ತಿಗೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡ್ಕೊಂಡು ಓಡಾಡ್ತಿದ್ರು, ನೋಡ್ಲಿಕ್ಕೆ ಆಗ್ತಿರ್ಲಿಲ್ಲ.

ವಾಪಸ್ ಹೋಗಿ ಕೇಳಿದ್ರೆ ಯಾರು ಮಾಡಿದ್ದು ಅಂತ ಹೇಳುವವರೇ ಇಲ್ಲ. ಡಿಸ್ಚಾರ್ಜ್ ಕಾರ್ಡಲ್ಲಿ ಪ್ರೊಫೆಸರ್ ಹೆಸರು ಇತ್ತು, ಆದರೆ ಆ ದಿನ ಅವರು ಊರಲ್ಲೇ ಇರಲಿಲ್ಲ ಅಂತ ಆಮೇಲೆ ವಾರ್ಡಿನ ಆಯಾ ಹೇಳಿದ್ಲು. ಕಲಿಯುವವರು ಕಲೀಬೇಕು, ನಂಗೂ ಗೊತ್ತು. ಆದರೆ ನಮ್ಮಪ್ಪಯ್ಯನ ಮೈ ಮೇಲೆ ಕಲಿತಿದ್ದು ಅಂತ ನಮಗೆ ಮುಂಚೆ ಹೇಳ್ಬೇಕಿತ್ತು. ಬಡವರು ಅಂದ್ರೆ ಕೇಳುವ ಹಕ್ಕೇ ಇಲ್ವಾ?

ಅಂಕಿಅಂಶ_ಮೈಸೂರು
ನಾನು ಮೈಸೂರಿನವನು, ಈಗ ಇಂಗ್ಲೆಂಡಲ್ಲಿ ಆಸ್ಪತ್ರೆ ಡೇಟಾ ಮೇಲೆ ಕೆಲಸ. ಡಾಕ್ಟರ್ ಅಲ್ಲ. ಈ ಪ್ರಶ್ನೆ ಮೇಲೆ ಬೇಕಾದಷ್ಟು ಅಧ್ಯಯನ ಆಗಿದೆ, ನನಗೆ ಖಾತ್ರಿ ಇರೋದಷ್ಟು ಹೇಳ್ತೀನಿ.

ಅಮೆರಿಕಾದಲ್ಲಿ ಎನ್‌ಎಸ್‌ಕ್ಯೂಐಪಿ ಅಂತ ಒಂದು ರಿಜಿಸ್ಟ್ರಿ ಇದೆ, ನೂರಾರು ಆಸ್ಪತ್ರೆಗಳು ಆಪರೇಷನ್ ಆದ ಮೇಲೆ 30 ದಿನ ಪೇಶಂಟಿಗೆ ಏನಾಯ್ತು ಅಂತ ಬರ್ಕೊಂಡು ಕಳಿಸ್ತಾವೆ. ಅದನ್ನ ಇಟ್ಕೊಂಡು 2012ರಲ್ಲಿ ಆನಲ್ಸ್ ಆಫ್ ಸರ್ಜರಿ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 60 ಸಾವಿರಕ್ಕೂ ಹೆಚ್ಚು ಪೇಶಂಟ್‌ಗಳನ್ನ ಹೋಲಿಸಿದ್ರು, ಟ್ರೈನಿ ಇದ್ದ ಆಪರೇಷನ್ ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ, ವಯಸ್ಸು ಕಾಯಿಲೆ ಎಲ್ಲ ಜೋಡಿ ಮಾಡಿ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಗಾಯದ ಮೇಲ್ಪದರದಲ್ಲಿ ಸೋಂಕು ಆಗೋದು ಟ್ರೈನಿ ಇದ್ದ ಕಡೆ ಸ್ವಲ್ಪ ಜಾಸ್ತಿ. ಎದ್ದು ಕಂಡಿದ್ದು ಟೈಮು, ಟ್ರೈನಿ ಇಲ್ಲದಾಗ ಸರಾಸರಿ 97 ನಿಮಿಷ, ಇದ್ದಾಗ 122 ನಿಮಿಷ. ಬೇರೆ ದೊಡ್ಡ ಅಧ್ಯಯನಗಳೂ ಹೆಚ್ಚು ಕಮ್ಮಿ ಇದೇ ದಿಕ್ಕಲ್ಲಿ ಇವೆ, ಸಾವು ಹೆಚ್ಚಲ್ಲ, ಸಣ್ಣಪುಟ್ಟ ತೊಂದರೆ ಚೂರು ಹೆಚ್ಚು, ಹೊತ್ತು ಹೆಚ್ಚು.

ಆದ್ರೆ ಇದನ್ನ ಓದಿ ನಿಶ್ಚಿಂತೆಯಾಗಿ ಮಲಗೋ ಹಾಗೂ ಇಲ್ಲ. ಆ ರಿಜಿಸ್ಟ್ರಿಯಲ್ಲಿ ಟ್ರೈನಿ ಇದ್ರು ಅಂತ ಗೊತ್ತಾಗುತ್ತೆ ಹೊರತು ಏನು ಮಾಡಿದ್ರು ಅಂತ ಗೊತ್ತಾಗಲ್ಲ. ಬರೀ ರಿಟ್ರಾಕ್ಟರ್ (ಕೊಯ್ದ ಜಾಗ ಅಗಲ ಮಾಡಿ ಹಿಡಿಯೋ ಉಪಕರಣ) ಹಿಡಿದವರೂ ಟ್ರೈನಿ, ಪೂರ್ತಿ ಆಪರೇಷನ್ ಮಾಡಿದವರೂ ಟ್ರೈನಿ. ಜೊತೆಗೆ ಕಷ್ಟದ ಕೇಸುಗಳು ಎಲ್ಲಿಂದೆಲ್ಲಿಂದಲೋ ಟೀಚಿಂಗ್ ಆಸ್ಪತ್ರೆಗೇ ಬರೋದು. ಅಂಕಿಅಂಶದಲ್ಲಿ ಎಷ್ಟು ಸರಿ ಮಾಡಿದ್ರೂ ಅದು ಪೂರ್ತಿ ತೊಳೆದು ಹೋಗಲ್ಲ.

ಸಾಗರದವರಿಗೆ ಒಂದು ಮಾತು. ನಿಮ್ಮ ತಂದೆಯವರ ವಿಷಯದಲ್ಲಿ ನೀವು ಹೇಳ್ತಿರೋದಕ್ಕೆ ಆಧಾರ ಇದೆ. ಅಮೆರಿಕಾದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹರ್ನಿಯಾ ಆಪರೇಷನ್ ಮೇಲೆ ದೊಡ್ಡ ಟ್ರಯಲ್ ಆಗಿತ್ತು, ಅದರದೇ ಡೇಟಾ ಇಟ್ಕೊಂಡು 2005ರಲ್ಲಿ ಟ್ರೈನಿ ಎಷ್ಟನೇ ವರ್ಷದವರು ಅಂತ ಬೇರೆ ಮಾಡಿ ನೋಡಿದ್ರು. ಓಪನ್ ಹರ್ನಿಯಾದಲ್ಲಿ, ಅಂದ್ರೆ ಲ್ಯಾಪ್ರೋಸ್ಕೋಪಿ ಇಲ್ಲದೆ ಕೊಯ್ದು ಮಾಡೋದ್ರಲ್ಲಿ, ಮೊದಲೆರಡು ವರ್ಷದ ಟ್ರೈನಿಗಳು ಮಾಡಿದ ಕಡೆ ಮರುಕಳಿಸಿದ್ದು ಹೆಚ್ಚು, ದೊಡ್ಡ ಡಾಕ್ಟರ್ ಓಟಿಯಲ್ಲೇ ಇದ್ದಾಗಲೂ. 30 ದಿನದ ಲೆಕ್ಕದಲ್ಲಿ ಹರ್ನಿಯಾ ಮರುಕಳಿಸೋದು ಕಾಣೋದೇ ಇಲ್ಲ ನೋಡಿ, ಎಂಟು ತಿಂಗಳಿಗೆ ಬರೋದನ್ನ ಒಂದು ತಿಂಗಳ ರಿಜಿಸ್ಟ್ರಿ ಹಿಡಿಯೋದು ಹೇಗೆ?

ಹಾವೇರಿ_ಹುಡುಗ
ಸರ್ ಭಾಳ ಉಪಕಾರ ಆತು. 25 ನಿಮಿಷ ಜಾಸ್ತಿ ಅಂದ್ರಲ್ಲ, ಅಷ್ಟು ಹೊತ್ತು ಜಾಸ್ತಿ ಮಲಗಿಸಿದ್ರ ಅವ್ವಗ ಏನರ ಆಗತೈತೇನು? ಆಕಿಗೆ ಶುಗರ್ ಐತಿ, ಗುಳಿಗಿ ತಗೋತಾಳ.

ಅರಿವಳಿಕೆ_ಕುಡ್ಲ
ನಾನು ಅನಸ್ತೇಶಿಯಾ ಡಾಕ್ಟ್ರು ಮಾರಾಯ್ರೆ, ಇದು ನನ್ನ ಪ್ರಶ್ನೆ, ನಾನು ಹೇಳ್ತೇನೆ. ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿಸ್ತಾರೆ, ಸಾಮಾನ್ಯ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಆ ಗ್ಯಾಸ್ ರಕ್ತಕ್ಕೆ ಸೇರ್ತದೆ, ನಾವು ವೆಂಟಿಲೇಟರ್ ಹೆಚ್ಚು ಮಾಡಿ ಅದನ್ನು ಹೊರಗೆ ಹಾಕ್ತೇವೆ. ಹೃದಯ, ಶ್ವಾಸಕೋಶ ಸರಿ ಉಂಟು ಅಂತಾದ್ರೆ 20-25 ನಿಮಿಷ ನಮಗೆ ದೊಡ್ಡ ವಿಷಯ ಅಲ್ಲ. ಹಾರ್ಟ್ ಪಂಪಿಂಗ್ ಕಮ್ಮಿ ಇರುವವರು, ಸಿಗರೇಟಿನಿಂದ ಶ್ವಾಸಕೋಶ ಹಾಳಾದವರು, ತುಂಬಾ ವಯಸ್ಸಾದವರು, ಇಂಥವರಿಗೆ ಪ್ರತಿ ನಿಮಿಷ ಲೆಕ್ಕ. ಅಂಥ ಕೇಸಿನಲ್ಲಿ ನಾನೇ ಪರದೆಯ ಈ ಕಡೆಯಿಂದ ಹೇಳ್ತೇನೆ, "ಸರ್ ಇವತ್ತು ಕಲಿಸುವುದು ಬೇಡ, ನೀವೇ ಮುಗಿಸಿ" ಅಂತ. ಒಳ್ಳೆ ಸರ್ಜನ್ ಅದಕ್ಕೆ ಬೇಜಾರು ಮಾಡುವುದಿಲ್ಲ.

ಶುಗರ್ ಬಗ್ಗೆ, ಹೊತ್ತು ಜಾಸ್ತಿ ಆದಷ್ಟೂ ಗಾಯದ ಸೋಂಕಿನ ಸಾಧ್ಯತೆ ಏರ್ತದೆ, ಶುಗರ್ ಏರಿದ್ರೆ ಇನ್ನೂ ಏರ್ತದೆ. ನಿಮ್ಮ ಅಮ್ಮನ ಶುಗರ್ ಕಂಟ್ರೋಲಿಗೆ ಬಂದಿದಾ ಅಂತ ಮೊದಲು ನೋಡಿಸಿ. ಆಪರೇಷನ್ ದಿನ ಬೆಳಿಗ್ಗೆ ಮಾತ್ರೆ ತಗೊಳ್ಬೇಕಾ ಬೇಡ್ವಾ ಅಂತ ಅನಸ್ತೇಶಿಯಾದವರನ್ನು ಕೇಳಿ, ನೀವೇ ತೀರ್ಮಾನ ಮಾಡ್ಬೇಡಿ. ಯಾರ ಕೈ ಅನ್ನುವುದಕ್ಕಿಂತ ಇದು ನಿಮ್ಮ ಕೈಯಲ್ಲಿ ಇರುವ ಸಂಗತಿ.

ನಿವೃತ್ತ_ಸರ್ಜನ್
ನಾನು 31 ವರ್ಷ ಸರ್ಜರಿ ಕಲಿಸಿ ರಿಟೈರ್ ಆದವನು. ಚರ್ಚೆ ಓದ್ತಾ ಇದ್ದೆ, ಸಾಗರದ ಆ ತಂಗಿ ಬರೆದದ್ದು ನೋಡಿದ ಮೇಲೆ ಸುಮ್ನಿರೋಕಾಗ್ಲಿಲ್ಲ.

ಮೊದಲು ಹಾವೇರಿಯ ಮಗನಿಗೆ. ಪಿತ್ತಕೋಶದ ಆಪರೇಷನ್ನಲ್ಲಿ ಸರ್ಜನ್ ಹೆದರೋದು ಒಂದೇ ಒಂದು ವಿಷಯಕ್ಕೆ, ಲಿವರಿನಿಂದ ಕರುಳಿಗೆ ಪಿತ್ತ ಹೋಗೋ ಮುಖ್ಯ ನಾಳಕ್ಕೆ ಪೆಟ್ಟಾಗೋದು. ಸಾವಿರದಲ್ಲಿ ಮೂರರಿಂದ ಐದು ಕೇಸಲ್ಲಿ ಅಂತ ಸಾಮಾನ್ಯವಾಗಿ ಹೇಳೋದು. ಕಮ್ಮಿನೇ, ಆದ್ರೆ ಆದವರ ಬದುಕು ಕಷ್ಟ, ಮತ್ತೆ ದೊಡ್ಡ ಆಪರೇಷನ್ ಆಗಬೇಕಾಗುತ್ತೆ. ಅದು ಯಾಕೆ ಆಗುತ್ತೆ ಅಂದ್ರೆ ಬಹಳ ಸಲ ಕೈ ನಡುಗಿ ಅಲ್ಲ, ಕಣ್ಣು ಮೋಸ ಹೋಗಿ. ಮುಖ್ಯ ನಾಳವನ್ನೇ ಪಿತ್ತಕೋಶದ ನಾಳ ಅಂತ ನಂಬಿ ಕ್ಲಿಪ್ ಹಾಕಿಬಿಡೋದು. ಅನುಭವ ಇರೋರಿಗೂ ಆಗಿದೆ. ಅದಕ್ಕೇ 1995ರಲ್ಲಿ ಸ್ಟ್ರಾಸ್‌ಬರ್ಗ್ ಅನ್ನೋ ಅಮೆರಿಕಾದ ಸರ್ಜನ್ ಒಂದು ನಿಯಮ ಮುಂದಿಟ್ರು, ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ ಅಂತೀವಿ. ತ್ರಿಕೋನದ ಕೊಬ್ಬು, ಪೊರೆ ಎಲ್ಲಾ ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಭಾಗ ಲಿವರಿನಿಂದ ಬಿಟ್ಟಿರಬೇಕು, ಪಿತ್ತಕೋಶಕ್ಕೆ ಹೋಗೋದು ಎರಡೇ ಎರಡು ಅಂತ ಕಣ್ಣಾರೆ ಕಾಣಬೇಕು. ಮೂರೂ ಆಗೋ ತನಕ ಕ್ಲಿಪ್ ಮುಟ್ಟಬಾರದು.

ನನ್ನ ಓಟಿಲಿ ಪಿಜಿ ಕೈಯಲ್ಲಿ ಕ್ಲಿಪ್ಪರ್ ಇರ್ತಿತ್ತು, ನಾನು ಹೇಳ್ತಿದ್ದೆ "ನಿಲ್ಲು. ಕ್ಯಾಮೆರಾ ಹಿಂದೆ ತಗೋ. ಮುಂದಿನಿಂದ ತೋರಿಸು, ಹಿಂದಿನಿಂದ ತೋರಿಸು, ಹೆಸರು ಹೇಳು." ಅವನು ಹೆಸರು ಹೇಳೋವಾಗ ದನಿ ಸ್ವಲ್ಪ ಅನುಮಾನದಲ್ಲಿ ಇದ್ರೂ ನಾನು ಇನ್ಸ್ಟ್ರುಮೆಂಟ್ ತಗೊಳ್ತಿದ್ದೆ. ಅವಮಾನ ಮಾಡೋಕಲ್ಲ. ಆ ಒಂದು ನಿಮಿಷ ಪೇಶಂಟಿನದು, ಕಲಿಯೋನದಲ್ಲ. ಆಮೇಲೆ ಲಿವರಿಂದ ಬಿಡಿಸೋಕೆ ವಾಪಸ್ ಅವನಿಗೇ ಕೊಡ್ತಿದ್ದೆ. ಹೀಗೆ ಕೈಗೆ ಕೊಡೋದಕ್ಕೂ ಈಗ ಮೆಟ್ಟಿಲು ಮಾಡಿದಾರೆ, ಜ್ವಿಶ್ ಸ್ಕೇಲ್ ಅಂತ ನಾಲ್ಕು ಹಂತ, ಮೊದಲು ಗುರು ಮಾಡಿ ತೋರಿಸೋದು, ಆಮೇಲೆ ಜಾಣತನದಿಂದ ನೆರವಾಗೋದು, ಆಮೇಲೆ ಹೇಳಿದಷ್ಟೇ ನೆರವು, ಕೊನೆಗೆ ಬರೀ ನಿಂತು ನೋಡೋದು. ಕಲಿಯೋನಿಗೆ ಯಾವ ಹಂತ ಅಂತ ಗೊತ್ತಿಲ್ಲದ ಗುರು ಅಪಾಯ, ಮೊದಲ ವರ್ಷದ ಹುಡುಗ ಅಲ್ಲ.

ಈಗ ತಂಗಿಗೆ. ಸುಮಾರು ವರ್ಷದ ಹಿಂದೆ ಒಂದು ದಿನ ಹರ್ನಿಯಾ ಕೇಸ್ ಪಿಜಿಗೆ ಕೊಟ್ಟಿದ್ದೆ, ಸುಲಭದ ಕೇಸ್ ಅಂತ. ಮಧ್ಯದಲ್ಲಿ ಪ್ರಿನ್ಸಿಪಾಲ್ ಆಫೀಸಿನಿಂದ ಮೀಟಿಂಗಿಗೆ ಕರೆ ಬಂತು, "ಜಾಲರಿ ಹೊಲಿದು ಮುಚ್ಚು" ಅಂತ ಹೇಳಿ ನಾನು ಗ್ಲೌಸ್ ಬಿಚ್ಚಿ ಹೊರಟೆ. ಜಾಲರಿನ ಒಳಬದಿಗೆ, ಮೂಳೆಯ ಉಬ್ಬಿನ ಮೇಲೆ ಎರಡು ಸೆಂಟಿಮೀಟರ್ ದಾಟಿಸಿ ಹೊಲೀಬೇಕು, ಅಲ್ಲೇ ಬಹಳ ಸಲ ಮರುಕಳಿಸೋದು. ಅದನ್ನ ನಾನು ಅವತ್ತು ಹೇಳ್ಲಿಲ್ಲ, ನೋಡ್ಲಿಲ್ಲ. ವರ್ಷದೊಳಗೆ ಆ ರೈತ ಮತ್ತೆ ಬಂದ, ಸರಿಯಾಗಿ ಅದೇ ಜಾಗ. ಎರಡನೇ ಆಪರೇಷನ್ ನಾನೇ ಮಾಡಿದೆ, ಒಳಗೆ ನೋಡಿದ್ರೆ ಜಾಲರಿ ಮೂಳೆಗೆ ಬಂದೇ ಇರಲಿಲ್ಲ. ಆ ತಪ್ಪು ಪಿಜಿದಲ್ಲ ತಾಯಿ, ಗ್ಲೌಸ್ ಬಿಚ್ಚಿದ ನನ್ನದು. ನಿಮ್ಮ ತಂದೆಗೆ ಏನಾಯ್ತೋ ನಂಗೆ ಗೊತ್ತಿಲ್ಲ, ಆದ್ರೆ ಹೆಸರು ಕಾರ್ಡ್ ಮೇಲಿದ್ದು ಮನುಷ್ಯ ಟೇಬಲ್ ಹತ್ರ ಇಲ್ಲ ಅಂದ್ರೆ ಅದನ್ನ ಕಲಿಸೋದು ಅನ್ನಲ್ಲ.

ಓಟಿ_ಸಿಸ್ಟರ್_ಮಂಡ್ಯ
ಡಾಕ್ಟ್ರುಗಳೆಲ್ಲ ಹೇಳಾಯ್ತು, ನಾನೊಂದು ಹೇಳ್ತೀನಿ. ಹದಿನಾರು ವರ್ಷದಿಂದ ಸ್ಕ್ರಬ್ ನರ್ಸು. ನಾವು ಟ್ರೇ ಹತ್ರ ನಿಂತು ಎಲ್ಲಾನೂ ನೋಡ್ತಿರ್ತೀವಿ. "ಸರ್ ಇದಾರೆ" ಅನ್ನೋದ್ರಲ್ಲಿ ಮೂರು ತರ ಇದೆ. ಒಂದು, ಕೈ ತೊಳ್ದು ಗೌನ್ ಹಾಕ್ಕೊಂಡು ಟೇಬಲ್ ಎದುರಿಗೆ ನಿಂತಿರೋದು. ಎರಡು, ಓಟಿ ಒಳಗೆ ಇರ್ತಾರೆ ಆದ್ರೆ ಸ್ಕ್ರಬ್ ಆಗಿರಲ್ಲ, ಮಾನಿಟರ್ ನೋಡ್ತಾ ಹೇಳ್ತಿರ್ತಾರೆ. ಮೂರು, ಫೋನಲ್ಲಿ ಇರೋದು. ಈ ಮೂರಕ್ಕೂ ಪೇಪರ್ ಮೇಲೆ ಒಂದೇ ಬರ್ಕೊಳ್ಳೋದು. ರಕ್ತ ಬಂತು ಅಂದ್ಕೊಳ್ಳಿ, ಮೊದಲ್ನೇದ್ರಲ್ಲಿ ಎರಡು ಸೆಕೆಂಡಲ್ಲಿ ಕೈ ಬರುತ್ತೆ, ಎರಡನೇದ್ರಲ್ಲಿ ಕೈ ತೊಳೆದು ಗೌನ್ ಹಾಕೋದ್ರಲ್ಲಿ ನಿಮಿಷಗಳು ಹೋಗ್ತವೆ, ಮೂರನೇದು ಹೇಳೋದೇ ಬೇಡ.

ಇನ್ನೊಂದು, ಸೇಫ್ಟಿ ಚೆಕ್‌ಲಿಸ್ಟ್ ಅಂತ ವಿಶ್ವ ಆರೋಗ್ಯ ಸಂಸ್ಥೆಯೋರು ಮಾಡಿದ್ದಿದೆ, ದೆಹಲಿ ಸೇರಿ ಎಂಟು ಊರಿನ ಆಸ್ಪತ್ರೆಗಳಲ್ಲಿ ಟ್ರೈ ಮಾಡಿ 2009ರಲ್ಲಿ ರಿಸಲ್ಟ್ ಬಂತು, ಸಾವು 1.5 ಪರ್ಸೆಂಟಿಂದ 0.8ಕ್ಕೆ ಇಳೀತು. ಅದ್ರಲ್ಲಿ ಚರ್ಮ ಕೊಯ್ಯೋಕೆ ಮುಂಚೆ ಎಲ್ರೂ ತಮ್ಮ ಹೆಸ್ರು, ತಮ್ಮ ಕೆಲ್ಸ ಜೋರಾಗಿ ಹೇಳ್ಬೇಕು ಅಂತಿದೆ. ನಮ್ಮಲ್ಲಿ ಅದು ಮಾಡೋವಾಗ ಫಸ್ಟ್ ಇಯರ್ ಡಾಕ್ಟ್ರು ತನ್ನ ಹೆಸ್ರು ಹೇಳಿದ ಮೇಲೆ, ಆಮೇಲೆ ಅನುಮಾನ ಬಂದಾಗ ಬಾಯ್ಬಿಟ್ಟು "ಮೇಡಂ ನಂಗೆ ಸರಿಯಾಗಿ ಕಾಣ್ತಿಲ್ಲ" ಅಂತಾರೆ. ಹೆಸ್ರೇ ಹೇಳ್ದೆ ಶುರು ಮಾಡಿದ ದಿನ ಯಾರೂ ಬಾಯಿ ಬಿಡಲ್ಲ. ಇದು ನಾನು ಕಣ್ಣಲ್ಲಿ ನೋಡಿರೋದು.

ಸಾಗರದ_ಮಗಳು
ಸರ್, ನೀವು ಹಾಗೆ ಒಪ್ಪಿಕೊಂಡು ಬರೆದಿದ್ದನ್ನ ಅಪ್ಪಯ್ಯಂಗೆ ಓದಿ ಹೇಳಿದೆ. ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು "ಅವರಾದ್ರೂ ಹೇಳಿದ್ರಲ್ಲ" ಅಂದ್ರು.

ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಉಂಟು. ಕನ್ಸೆಂಟ್ ಫಾರಮ್ಮಲ್ಲಿ ಟ್ರೈನಿ ಅಂತ ಒಂದು ಸಾಲು ಯಾಕೆ ಇರಲ್ಲ? ಕಾನೂನು ಏನು ಹೇಳ್ತದೆ?

ಅಂಕಿಅಂಶ_ಮೈಸೂರು
ವಕೀಲ ಅಲ್ಲ ನಾನು, ಆದ್ರೆ 2008ರ ಸಮೀರಾ ಕೊಹ್ಲಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಪೇಶಂಟಿನ ಒಪ್ಪಿಗೆ ನಿಜವಾದದ್ದಾಗಿರಬೇಕು, ಬೇಕಾದ ಮಾಹಿತಿ ಕೊಟ್ಟು ತಗೊಂಡಿರಬೇಕು ಅಂತ. ಆ ಕೇಸ್ ಇದ್ದಿದ್ದು ಒಂದು ಪರೀಕ್ಷೆಗೆ ಒಪ್ಪಿಗೆ ಕೊಟ್ಟ ಹೆಂಗಸಿನ ಗರ್ಭಕೋಶ ತೆಗೆದಿದ್ದರ ಬಗ್ಗೆ, ಟ್ರೈನಿ ಬಗ್ಗೆ ಅಲ್ಲ. ಆದರೂ ಅದರ ಒಳಗಿನ ವಿಚಾರ ಇಲ್ಲಿಗೂ ಹೊಂದುತ್ತೆ ಅನ್ನೋದು ನನ್ನ ಅಭಿಪ್ರಾಯ. ಪೇಶಂಟ್‌ಗಳನ್ನ ಕೇಳಿ ಮಾಡಿದ ಸಮೀಕ್ಷೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ, ಟ್ರೈನಿ ಸಹಾಯ ಮಾಡಲಿ ಅಂದ್ರೆ ಬಹುತೇಕರು ಒಪ್ತಾರೆ, ಟ್ರೈನಿಯೇ ಮುಖ್ಯ ಭಾಗ ಮಾಡಲಿ ಅಂದ್ರೆ ಒಪ್ಪೋರು ಕಮ್ಮಿ ಆಗ್ತಾ ಹೋಗ್ತಾರೆ, ಆದ್ರೆ ಹೇಳಿ ಮಾಡಿ ಅನ್ನೋದು ಹೆಚ್ಚುಕಮ್ಮಿ ಎಲ್ಲರೂ.

ಪಿಜಿ_ಕೊನೆವರ್ಷ
ಅಕ್ಕ, ನಾನು ಕನ್ಸೆಂಟ್ ತಗೊಳೋವಾಗ ಹೇಳ್ತೀನಿ "ನಾನು ಪಿಜಿ, ಮೇಡಂ ಜೊತೆ ನಾನೂ ಮಾಡ್ತೀನಿ" ಅಂತ. ಮೊದ್ಲು ಹೇಳ್ತಿರ್ಲಿಲ್ಲ, ಭಯ ಆಗ್ತಿತ್ತು ಬೇಡ ಅಂದ್ಬಿಟ್ರೆ ಅಂತ. ಹೇಳೋಕೆ ಶುರು ಮಾಡಿದ್ಮೇಲೆ ಬೇಡ ಅಂದೋರು ಇಬ್ರೋ ಮೂವ್ರೋ ಅಷ್ಟೇ, ಅವ್ರ ಕೇಸ್ ಮೇಡಂ ಮಾಡಿದ್ರು, ಮುಗೀತು.

ಆದ್ರೆ ಇಷ್ಟೆಲ್ಲ ಮಾತಾಡ್ತಿರೋದು ಹಗಲಿನ ಕೇಸ್ ಬಗ್ಗೆ. ನನ್ನ ಚಿಂತೆ ರಾತ್ರಿದು. ಎಮರ್ಜೆನ್ಸಿ ಡ್ಯೂಟಿಲಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಾರನೇ ದಿನ ಸಂಜೆವರೆಗೂ ನಿಂತಿದೀನಿ. ಕರುಳು ತೂತಾದ ಕೇಸ್ ರಾತ್ರಿ ಎರಡೂವರೆಗೆ ಬರುತ್ತೆ, ಹೊಲಿಗೆ ಹಾಕೋವಾಗ ಸೂಜಿ ತುದಿ ಎರಡೆರಡು ಕಾಣುತ್ತೆ. ಕಾಗದದ ಮೇಲೆ ನೋಡಿದ್ರೆ 1992ರಲ್ಲೇ ಕೇಂದ್ರ ಸರ್ಕಾರದ ಆದೇಶ ಇದೆ, ರೆಸಿಡೆಂಟ್ ಡಾಕ್ಟರ್‌ಗೆ, ಅಂದ್ರೆ ನಮ್ಮಂಥ ಪಿಜಿಗಳಿಗೆ, ಒಂದೇ ಸಲಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ. ನಾನು ಕಂಡಿರೋ ಯಾವ ವಾರ್ಡಲ್ಲೂ ಅದು ಇಲ್ಲ.

ಅಂಕಿಅಂಶ_ಮೈಸೂರು
ಇದು ಬೇರೇನೇ ದೊಡ್ಡ ವಿಷಯ. ನ್ಯೂಯಾರ್ಕಲ್ಲಿ 1984ರಲ್ಲಿ ಲಿಬ್ಬಿ ಜಯಾನ್ ಅನ್ನೋ 18 ವರ್ಷದ ಹುಡುಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು, ದಣಿದ ರೆಸಿಡೆಂಟ್‌ಗಳ ಮೇಲೆ ಸರಿಯಾದ ಮೇಲ್ವಿಚಾರಣೆ ಇರಲಿಲ್ಲ ಅಂತ ಅವಳ ತಂದೆ ಹೋರಾಡಿದ್ರು, ಅದರಿಂದ 1989ರಲ್ಲಿ ಆ ರಾಜ್ಯದಲ್ಲಿ ವಾರಕ್ಕೆ 80 ಗಂಟೆ ಮಿತಿ ಬಂತು, 2003ರಲ್ಲಿ ದೇಶಕ್ಕೆಲ್ಲ. ಆಮೇಲೆ 117 ಸರ್ಜರಿ ತರಬೇತಿ ಕಾರ್ಯಕ್ರಮಗಳನ್ನ ಸೇರಿಸಿ ಒಂದು ಟ್ರಯಲ್ ಮಾಡಿದ್ರು, 80 ಗಂಟೆ ಒಳಗೇ, ಆದ್ರೆ ಒಂದು ಶಿಫ್ಟ್ ಎಷ್ಟು ಉದ್ದ ಅನ್ನೋದನ್ನ ಕೆಲವು ಕಡೆ ಸಡಿಲ ಬಿಟ್ರು, ಕೆಲವು ಕಡೆ ಬಿಗಿ ಇಟ್ರು. 2016ರಲ್ಲಿ ಫಲಿತಾಂಶ ಬಂತು, ಸಾವು ಅಥವಾ ಗಂಭೀರ ತೊಂದರೆ ಸಡಿಲ ಬಿಟ್ಟ ಕಡೆ 9.1 ಪರ್ಸೆಂಟ್, ಬಿಗಿ ಇಟ್ಟ ಕಡೆ 9.0 ಪರ್ಸೆಂಟ್, ಅಂದ್ರೆ ಒಂದೇ. ಇದನ್ನ ತೋರಿಸಿ "ನೋಡಿ, ಎಷ್ಟು ಹೊತ್ತು ದುಡಿಸಿದ್ರೂ ಏನೂ ಆಗಲ್ಲ" ಅನ್ನೋರು ಇದಾರೆ. ತಪ್ಪು. ಎರಡೂ ಗುಂಪಿನ ಮೇಲೆ 80ರ ಚಾವಣಿ ಇತ್ತು, ಮೇಲೆ ಸೀನಿಯರ್ ಇದ್ರು. ಚಾವಣಿನೇ ಇಲ್ಲದ ಕಡೆಗೆ ಆ ಟ್ರಯಲ್ ಉತ್ತರ ಹೇಳಲ್ಲ.

ಇಲ್ಲಿ ಇಂಗ್ಲೆಂಡಲ್ಲಿ ಹೊಸ ಡಾಕ್ಟ್ರು ಎಲ್ಲ ಆಗಸ್ಟ್ ಮೊದಲ ಬುಧವಾರ ಡ್ಯೂಟಿಗೆ ಬರ್ತಾರೆ. ಆ ದಿನ ಎಮರ್ಜೆನ್ಸಿಯಲ್ಲಿ ಅಡ್ಮಿಟ್ ಆದವರನ್ನ ಹಿಂದಿನ ವಾರದವರ ಜೊತೆ ಹೋಲಿಸಿ 2009ರಲ್ಲಿ ಒಂದು ಅಧ್ಯಯನ ಬಂತು, ಸಾವಿನ ಸಾಧ್ಯತೆ 6 ಪರ್ಸೆಂಟ್ ಹೆಚ್ಚು ಕಂಡಿತ್ತು. ಆದ್ರೆ ಸರ್ಜರಿ ಪೇಶಂಟ್‌ಗಳನ್ನ ಬೇರೆ ಮಾಡಿ ನೋಡಿದಾಗ ಸ್ಪಷ್ಟ ವ್ಯತ್ಯಾಸ ಇರಲಿಲ್ಲ. ನನ್ನ ಊಹೆ, ಓಟಿಯಲ್ಲಿ ಹೊಸಬರನ್ನ ಒಂಟಿ ಬಿಡೋದು ಕಮ್ಮಿ, ವಾರ್ಡಲ್ಲಿ ಬಿಡ್ತಾರೆ.

ಬಳ್ಳಾರಿ_ಬಿಸಿಲು
ಇಷ್ಟೆಲ್ಲಾ ಯಾಕ ಬೇಕು, ಪ್ರೈವೇಟಿಗೆ ಹೋಗ್ರಿ, ದೊಡ್ಡ ಡಾಕ್ಟರ ಮಾಡ್ತಾರ.

ಅರಿವಳಿಕೆ_ಕುಡ್ಲ
ಹಾಗೇನಿಲ್ಲ. ದೊಡ್ಡ ಪ್ರೈವೇಟ್ ಆಸ್ಪತ್ರೆಗಳಲ್ಲಿ ಡಿಎನ್‌ಬಿ ಅಂತ ಪಿಜಿಯಂಥದೇ ಕೋರ್ಸ್ ಉಂಟು, ಪಿಜಿ ಮುಗಿಸಿ ಇನ್ನೂ ಕಲಿಯುವ ಫೆಲೋಗಳು ಇದ್ದಾರೆ, ಅಲ್ಲಿಯೂ ಕಲಿಯುವವರು ಸ್ಕ್ರಬ್ ಆಗ್ತಾರೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಲಿಯುವವರು ಇರುವುದಿಲ್ಲ, ಆದರೆ ರಾತ್ರಿ ಹನ್ನೊಂದಕ್ಕೆ ಪೇಶಂಟಿನ ಬಿಪಿ ಬಿದ್ದರೆ ನೋಡ್ಲಿಕ್ಕೂ ಯಾರೂ ಇರುವುದಿಲ್ಲ. ಟೀಚಿಂಗ್ ಆಸ್ಪತ್ರೆಯಲ್ಲಿ ಅದೇ ಪಿಜಿ ರಾತ್ರಿ ಮೂರು ಸಲ ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗ್ತಾನೆ. ತೊಂದರೆ ಆಗುವುದು ಒಂದು, ಆದ ತೊಂದರೆಯನ್ನು ಬೇಗ ಹಿಡಿಯುವುದು ಇನ್ನೊಂದು. ಜನ ಸಾಯುವುದು ಬಹಳ ಸಲ ಎರಡನೇದು ತಪ್ಪಿದ್ದಕ್ಕೆ. ಟ್ರೈನಿ ಇದ್ದ ಕಡೆ ಸಣ್ಣ ತೊಂದರೆ ಚೂರು ಹೆಚ್ಚಿದ್ರೂ ಸಾವು ಹೆಚ್ಚಾಗ್ಲಿಲ್ಲ ಅಂತ ಮೈಸೂರಿನವರು ಹೇಳಿದ್ರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಕಾಣ್ತದೆ.

ನಿವೃತ್ತ_ಸರ್ಜನ್
ಕುಡ್ಲದ ಡಾಕ್ಟ್ರು ಸರಿಯಾಗಿ ಹೇಳಿದ್ರು. ಇನ್ನೊಂದು ಸೇರಿಸ್ತೀನಿ. ಕಲಿಯೋನ ಕೈ ಮೊದಲ ಸಲ ಮನುಷ್ಯರ ಮೈ ಮೇಲೇ ಯಾಕೆ ಹೋಗಬೇಕು? 2002ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ 16 ರೆಸಿಡೆಂಟ್‌ಗಳನ್ನ ಎರಡು ಪಾಲು ಮಾಡಿದ್ರು, ಅರ್ಧ ಜನಕ್ಕೆ ಕಂಪ್ಯೂಟರ್ ಸಿಮ್ಯುಲೇಟರ್ ಮೇಲೆ ಕೈ ಪಳಗಿಸಿದ್ರು, ಆಮೇಲೆ ಎಲ್ಲರೂ ನಿಜವಾದ ಪಿತ್ತಕೋಶ ಬಿಡಿಸಿದ್ರು. ಪಳಗಿದವರು 29 ಪರ್ಸೆಂಟ್ ಬೇಗ ಮುಗಿಸಿದ್ರು, ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡೋ ಸಾಧ್ಯತೆ ಐದು ಪಟ್ಟು. ದುಬಾರಿ ಮೆಷಿನ್ನೇ ಬೇಕು ಅಂತಿಲ್ಲ. ನಾವು ಒಂದು ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಒಳಗೆ ಮೊಬೈಲ್ ಕ್ಯಾಮೆರಾ ಸಿಕ್ಕಿಸಿ, ಹಳೇ ಇನ್ಸ್ಟ್ರುಮೆಂಟಲ್ಲಿ ಕೋಳಿ ತೊಡೆ ಚರ್ಮ ಸುಲಿಸ್ತಿದ್ದೆವು, ಅವರೆಕಾಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿಸ್ತಿದ್ದೆವು. ನೂರು ಕಾಳು ಬೀಳಿಸದೆ ದಾಟಿಸಿದ ಮೇಲೇ ನನ್ನ ಓಟಿಗೆ ಬರಬೇಕು ಅಂತ ಹೇಳಿದ್ದೆ. ಪ್ರತಿ ಮೆಡಿಕಲ್ ಕಾಲೇಜಲ್ಲೂ ಅಂಥ ಒಂದು ಡಬ್ಬ, ಅದರ ಮುಂದೆ ಕೂರೋಕೆ ಪಿಜಿಗೆ ದಿನಕ್ಕೆ ಅರ್ಧ ಗಂಟೆ ಇದ್ರೆ ಸಾಕು. ಅರ್ಧ ಗಂಟೆನೇ ಇರಲ್ಲ ಅವರಿಗೆ, ಎಕ್ಸ್‌ರೇ ತರೋಕೆ ಓಡ್ತಿರ್ತಾರೆ.

ಹಾವೇರಿ_ಹುಡುಗ
ಎಲ್ಲಾರೂ ಇಷ್ಟು ಮನಸಿಟ್ಟು ಬರದಿರಿ, ನಾ ಇವತ್ತ ಯೂನಿಟ್ ಚೀಫ್ ರೌಂಡ್ಸಿಗೆ ಬಂದಾಗ ಧೈರ್ಯ ಮಾಡಿ ಕೇಳಿದೆ. ಕೈಯಾಗ ಚೀಟಿ ಹಿಡಕೊಂಡಿದ್ದೆ, ಅದ್ರಾಗ ಮೂರ ಪ್ರಶ್ನೆ. ಸರ್, ಆಪರೇಷನ್ನಾಗ ನೀವು ಕೈ ತೊಳಕೊಂಡು ಟೇಬಲ್ ಕಡೆ ನಿಂದ್ರತೀರೋ? ನಾಳ ಕತ್ತರಿಸೋದು ಯಾರು? ಕಷ್ಟ ಆದ್ರ ಹೊಟ್ಟಿ ತಗದು ಮಾಡೋದು ಯಾರು ತೀರ್ಮಾನ ಮಾಡ್ತಾರ?

ಸರ್ ಮೊದಲ ನನ್ನ ಮಾರಿ ನೋಡಿದ್ರು, ಸಿಟ್ಟಿಗೆದ್ರೇನೋ ಅಂದ್ಕೊಂಡೆ. ಆಮ್ಯಾಲೆ ಅವ್ವನ ಕಾಟಿನ ಬಾಜೂ ಸ್ಟೂಲ್ ಎಳಕೊಂಡು ಕುಂತ್ರು. "ನಾನೂ ಇರ್ತೀನಿ, ಈ ಡಾಕ್ಟರೂ ಇರ್ತಾರ, ಇವ್ರು ಮೂರನೇ ವರ್ಷ, ಪೋರ್ಟ್ ಇವ್ರು ಹಾಕ್ತಾರ, ತ್ರಿಕೋನ ಸಾಫ್ ಕಂಡ್ರ ಇವ್ರು ಬಿಡಿಸ್ತಾರ, ಕಾಣದಿದ್ರ ನಾ ತಗೋತೀನಿ, ಕ್ಲಿಪ್ಪಿಗೆ ಮುಂಚೆ ನಾ ಹೂಂ ಅನ್ನಬೇಕು, ಓಪನ್ ಮಾಡೋದು ನನ್ನ ತೀರ್ಮಾನ" ಅಂತ ಬೆರಳು ಎಣಿಸಿ ಹೇಳಿದ್ರು. ಅವ್ವಗೂ ತಿಳಿಯೂಹಂಗ ಹೇಳಿದ್ರು. ಶುಗರ್ 240 ಇತ್ತು, ಅದಕ್ಕ ಶುಕ್ರವಾರ ಬ್ಯಾಡ, ಇನ್ಸುಲಿನ್ ಕೊಟ್ಟು ಇಳಿಸಿ ಮುಂದಿನ ಮಂಗಳವಾರ ಅಂದಾರ. ನಾ ಸಹಿ ಹಾಕಿ ಕೊಟ್ಟೆ.

ಹಾವೇರಿ_ಹುಡುಗ
ಮಂಗಳವಾರ ಆಪರೇಷನ್ ಆತ್ರೀ. ಹತ್ತೂಕಾಲಿಗೆ ಒಳಗ ಕರಕೊಂಡ ಹೋದ್ರು, ಹನ್ನೆರಡೂವರಿಗೆ ಹೊರಗ ತಂದ್ರು. ಸಂಜಿಗೆ ಆ ಸಣ್ಣ ಡಾಕ್ಟರ್ ಬಂದು ತಾವ ಹೇಳಿದ್ರು, ಎರಡು ಸರ್ತಿ ನೋವು ಬಂದಿತ್ತಲ್ಲ ಅದಕ್ಕ ಒಳಗ ಅಂಟಕೊಂಡಿತ್ತಂತ, ತ್ರಿಕೋನದ ಕಡೆ ಬಂದಾಗ ಇವರಿಗೆ ಸಾಫ್ ಕಾಣಲಿಲ್ಲಂತ, "ಸರ್ ನೀವು ತಗೋರಿ" ಅಂದೆ ಅಂದ್ರು. ಸರ್ ಅದನ್ನ ಬಿಡಿಸಿ ಕ್ಲಿಪ್ ಹಾಕಿ, ಲಿವರ್‌ಲಿಂದ ಬಿಡಿಸೋದು ಮತ್ತ ಇವರಿಗೇ ಕೊಟ್ರಂತ. ಇದನ್ನ ಅವ್ರು ಹೇಳಬೇಕು ಅಂತೇನ ಇರಲಿಲ್ಲ, ನಾ ಕೇಳೂ ಇರಲಿಲ್ಲ. ಸಣ್ಣ ಬಾಟಲಿಯೊಳಗ ಕಲ್ಲು ತಂದು ಅವ್ವಗ ತೋರಿಸಿದ್ರು, ಅಕಿ ಅಲ್ಲಾಡಿಸಿ ಎಣಿಸಿದ್ಲು, ಹನ್ನೊಂದು, ಮೆಣಸಿನಕಾಳಿನಂಗ ಕರ್ರಗ. ಪಿತ್ತಕೋಶ ಬಯಾಪ್ಸಿಗೆ ಹೋಗೈತಿ.

ಇವತ್ತು ಮೂರನೇ ದಿನ, ಗಂಜಿ ಕುಡದಾಳ, ಹೊಕ್ಕಳ ಕಡೆ ಹೊಲಿಗಿ ಒಂಚೂರು ಕೆಂಪಗ ಐತಿ, ದಿನಾ ಡ್ರೆಸಿಂಗ್ ಮಾಡಿ ನೋಡಾಕತ್ತಾರ.

ಸಾಗರದ_ಮಗಳು
ಒಳ್ಳೇದಾಯ್ತು ತಮ್ಮ. ಅಪ್ಪಯ್ಯಂಗೆ ಎರಡನೇ ಆಪರೇಷನ್‌ಗೆ ಸೋಮವಾರ ತೋರಿಸ್ಲಿಕ್ಕೆ ಹೋಗ್ತಿದೇವೆ, ಬೇರೆ ಟೀಚಿಂಗ್ ಆಸ್ಪತ್ರೆ. ನಿಮ್ಮ ಆ ಚೀಟಿಯ ಫೋಟೋ ಇದ್ರೆ ಹಾಕ್ತೀರಾ? ಹರ್ನಿಯಾಕ್ಕೆ ಎರಡನೇ ಪ್ರಶ್ನೆ ಬದಲಿಸ್ತೇನೆ, ಜಾಲರಿನ ಮೂಳೆ ಹತ್ರ ಹೊಲಿಯುವಾಗ ನೀವು ಟೇಬಲ್ ಹತ್ರ ಇರ್ತೀರಾ ಅಂತ.

ನಿವೃತ್ತ_ಸರ್ಜನ್
ಆ ಪ್ರಶ್ನೆ ಸರಿ ಇದೆ ತಾಯಿ. ಒಮ್ಮೆ ಆದ ಜಾಗದಲ್ಲಿ ಮತ್ತೆ ಮುಂದಿನಿಂದ ಹೋದ್ರೆ ಗಾಯದ ಗಂಟು ಜಾಸ್ತಿ ಇರುತ್ತೆ, ನರಕ್ಕೂ ವೃಷಣದ ರಕ್ತನಾಳಕ್ಕೂ ಪೆಟ್ಟಾಗೋ ಅಪಾಯ ಹೆಚ್ಚು, ಹಾಗಾಗಿ ಈ ಸಲ ಲ್ಯಾಪ್ರೋಸ್ಕೋಪಿಲಿ ಹಿಂದಿನಿಂದ ಹೋಗೋ ಯೋಚನೆ ಇದೆಯಾ ಅಂತಲೂ ಕೇಳಿ. ಹಿಂದಿನ ಆಪರೇಷನ್ ನೋಟ್ಸ್ ಜೆರಾಕ್ಸ್ ತಗೊಂಡು ಹೋಗಿ, ಯಾವ ತರ ಜಾಲರಿ, ಹೇಗೆ ಹಾಕಿದ್ರು ಅಂತ ಅದರಲ್ಲಿ ಬರೆದಿರಬೇಕು. ಕೊಡಲ್ಲ ಅಂದ್ರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ, 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ.